ಏರ್ ಹಾರ್ನ್: ದಂಡ ಕಟ್ಟಿದರೆ ಮುಗಿಯಿತೆಂದುಕೊಳ್ಳಬೇಡಿ

ಗಾಡಿಗೆ ಏರ್ ಹಾರ್ನ್ ಹಾಕಿಸಿ ಸಿಕ್ಕಿಬಿದ್ದವರು ವಕೀಲರನ್ನು ಹುಡುಕಿಕೊಂಡು ಬರುವುದು ಕೆಲಸ ಕೆಟ್ಟ ಮೇಲೆ. ಶಿವಾಜಿನಗರದ ಮೆಕ್ಯಾನಿಕ್, ಕೆ.ಆರ್. ಪುರದ ಡೆಲಿವರಿ ಹುಡುಗ, ಹಲಸೂರಿನ ಟೆಂಪೊ ಮಾಲೀಕ, ಎಲ್ಲರದೂ ಒಂದೇ ಮಾತು: "ಹಾರ್ನ್ ತಾನೇ ಸಾರ್, ಫೈನ್ ಕಟ್ಟಿದೆ, ಮುಗೀತು ಅಂದ್ಕೊಂಡೆ." ಸ್ಟೇಷನ್, ಆರ್‌ಟಿಒ ಅಂದರೆ ಹೆದರುವ ಈ ಜನಕ್ಕೆ ಚಲನ್ ಓದಿ ಹೇಳುವವರು ಯಾರೂ ಸಿಗುವುದಿಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮದ ಪ್ರಕಾರ, ಹಲವು ಸ್ವರಗಳಲ್ಲಿ ಕೂಗುವ ಹಾರ್ನನ್ನಾಗಲಿ, ಅತಿ ಕರ್ಕಶವಾಗಿ ಬೆಚ್ಚಿಬೀಳಿಸುವ ಸಾಧನವನ್ನಾಗಲಿ ಅಳವಡಿಸುವಂತಿಲ್ಲ. ಹಾಕಿಸಿದ್ದೇ ತಪ್ಪು, "ನಾನು ಒತ್ತಲೇ ಇಲ್ಲ" ಎಂಬ ವಾದ ನಿಲ್ಲುವುದಿಲ್ಲ. ವಿನಾಯಿತಿ ಇರುವುದು ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸರಂಥ ಕೆಲವರಿಗೆ. ಖಾಸಗಿ ಬಸ್ಸು, ಲಾರಿಗಳಿಗೂ ಇಲ್ಲ.

ಇನ್ನು ನಿಜವಾದ ಬಲೆ. ಹಾರ್ನಿನ ಕೇಸು ಮೋಟಾರು ವಾಹನ ಕಾಯ್ದೆಯ ಎರಡು ಸೆಕ್ಷನ್‌ಗಳಲ್ಲಿ ಬರಬಹುದು. ಸುಮ್ಮಸುಮ್ಮನೆ ಹಾರ್ನ್ ಹೊಡೆದಿದ್ದಕ್ಕೆ 194ಎಫ್: ಮೊದಲ ಸಲ 1,000 ರೂಪಾಯಿ, ಮತ್ತೆ ಸಿಕ್ಕರೆ 2,000. ಶಬ್ದದ ಮಾನದಂಡ ಮೀರಿದ ವಾಹನ ಓಡಿಸಿದ್ದಕ್ಕೆ 190(2): ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹ. ಮೇಯೋ ಹಾಲ್ ಕೋರ್ಟಿನ ಬಾಗಿಲಲ್ಲಿ ನಿಂತ ದಲ್ಲಾಳಿಗಳು "ತಪ್ಪಾಯ್ತು ಅಂತ ಹೇಳಿ, ಕಟ್ಟಿ, ಹೋಗ್ತಾ ಇರಿ" ಅನ್ನುತ್ತಾರೆ. ಆ ತಪ್ಪೊಪ್ಪಿಗೆ ಯಾವ ಸೆಕ್ಷನ್ನಿಗೆ ಎಂದು ಹೇಳುವುದಿಲ್ಲ. ದುಡ್ಡು ಅವರ ಜೇಬಿಗೆ, ಅನರ್ಹತೆ ನಿಮ್ಮ ತಲೆಗೆ.

ಅನರ್ಹತೆಯ ಅವಧಿಯಲ್ಲಿ ಗಾಡಿ ಓಡಿಸಿದರೆ 182ನೇ ಸೆಕ್ಷನ್ ಪ್ರಕಾರ ಬೇರೆ ಅಪರಾಧ. ಆಗೇನಾದರೂ ಅಪಘಾತವಾದರೆ, 150ನೇ ಸೆಕ್ಷನ್ನಿನಡಿ ವಿಮಾ ಕಂಪನಿ "ಇವನಿಗೆ ಲೈಸೆನ್ಸೇ ಇರಲಿಲ್ಲ" ಎಂದು ಕೈತೊಳೆದುಕೊಳ್ಳಲು ದಾರಿಯಿದೆ. ಪರಿಹಾರದ ಲಕ್ಷಗಟ್ಟಲೆ ಹಣ ನಿಮ್ಮ ಮನೆ, ಸೈಟಿನ ಮೇಲೆ ಬೀಳಬಹುದು. ಹಾರ್ನಿನ ಬೆಲೆ ಇದು.

ಸಿಕ್ಕಿಬಿದ್ದಾಗ ಮಾಡಬೇಕಾದ್ದು:

1. ಚಲನ್‌ನಲ್ಲಿರುವ ಸೆಕ್ಷನ್ ಓದಿ. 190(2) ಇದ್ದರೆ ವಕೀಲರನ್ನು ಕೇಳದೆ ತಪ್ಪೊಪ್ಪಿಕೊಳ್ಳಬೇಡಿ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಯಾರ ಕೈಗೂ ಕೊಡಬೇಡಿ.

2. ಡಿಎಲ್ ವಶಪಡಿಸಿಕೊಂಡರೆ ಸ್ವೀಕೃತಿ ಚೀಟಿ ಕೇಳಿ. 206ನೇ ಸೆಕ್ಷನ್ ಪ್ರಕಾರ ಕೊಡಲೇಬೇಕು. "ಆಮೇಲೆ ಬಾ" ಎಂದು ಸಾಗಹಾಕುವುದು ಕಾನೂನಲ್ಲ. ಡಿಎಲ್ ವಾಪಸ್ ಬರುವವರೆಗೆ ಆ ಚೀಟಿಯೇ ನಿಮ್ಮ ಲೈಸೆನ್ಸ್. ಆದರೆ ಅದರಲ್ಲಿ ಕೊನೆಯ ದಿನಾಂಕ ಬರೆದಿದ್ದರೆ, ಆ ದಿನ ದಾಟಿದ ಮೇಲೆ ಓಡಿಸಬೇಡಿ.

3. ಆರ್‌ಟಿಒ ನೋಟಿಸಿಗೆ ಉತ್ತರ ಕೊಡಿ. 19ನೇ ಸೆಕ್ಷನ್ ಪ್ರಕಾರ ನಿಮ್ಮ ಮಾತು ಕೇಳದೆ ಲೈಸೆನ್ಸ್ ಅನರ್ಹಗೊಳಿಸುವಂತಿಲ್ಲ. ಇಲ್ಲೇ ಬಹಳ ಜನ ಸೋಲುವುದು: ಡಿಎಲ್‌ನಲ್ಲಿ ಊರಿನ ವಿಳಾಸವಿರುತ್ತದೆ, ನೋಟಿಸ್ ಮುಳಬಾಗಿಲಿಗೋ ಚಿಂತಾಮಣಿಗೋ ಹೋಗಿರುತ್ತದೆ, ಇವರು ಇಂದಿರಾನಗರದಲ್ಲಿ ಪಾರ್ಸೆಲ್ ಹಂಚುತ್ತಿರುತ್ತಾರೆ. ವಿಳಾಸ ಬದಲಿಸಿಕೊಳ್ಳಿ. ಆದೇಶ ಬಂದರೆ 30 ದಿನದೊಳಗೆ ಮೇಲ್ಮನವಿ ಹಾಕಿ.

4. ಏರ್ ಹಾರ್ನನ್ನು ಕಂಪ್ರೆಸರ್, ವೈರಿನ ಸಮೇತ ಅಂದೇ ಬಿಚ್ಚಿಸಿ, ಕಂಪನಿ ಹಾರ್ನ್ ಹಾಕಿಸಿ, ಬಿಲ್ ಇಟ್ಟುಕೊಳ್ಳಿ. ಹಾಗೇ ಬಿಟ್ಟರೆ ಮುಂದಿನ ತಪಾಸಣೆಯಲ್ಲಿ ಹೊಸ ಕೇಸು. 190(2)ರಡಿ ಎರಡನೆಯ ಅಪರಾಧಕ್ಕೆ ಆರು ತಿಂಗಳವರೆಗೆ ಜೈಲಾಗಬಹುದು.

ತಂದೆತಾಯಂದಿರೇ, ಆರ್‌ಸಿ ನಿಮ್ಮ ಹೆಸರಲ್ಲಿದ್ದರೆ 190(2) ನಿಮ್ಮನ್ನೂ ಬಿಡುವುದಿಲ್ಲ. ಓಡಿಸಲು ಬಿಟ್ಟವರೂ ಅದರ ವ್ಯಾಪ್ತಿಗೆ ಬರುತ್ತಾರೆ.

ಸದ್ದಿಗೆ ನಿದ್ದೆಗೆಟ್ಟವರಿಗೂ ಹಕ್ಕಿದೆ. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ, ತುರ್ತು ಸಂದರ್ಭ ಬಿಟ್ಟು, ಹಾರ್ನ್ ನಿಷಿದ್ಧ. ದೂರು ಕೊಡಲು ಹೋದಾಗ "ಡೆಸಿಬಲ್ ಅಳೆದುಕೊಂಡು ಬನ್ನಿ" ಎಂದು ಅಧಿಕಾರಿ ವಾಪಸ್ ಕಳಿಸಿದರೆ ಒಪ್ಪಬೇಡಿ. ರಾತ್ರಿಯ ಉಲ್ಲಂಘನೆಗೆ 7ನೇ ನಿಯಮ ಅಳತೆ ಕೇಳುವುದಿಲ್ಲ. ಗಾಡಿ ನಂಬರ್, ಸಮಯ, ಜಾಗ ಬರೆದು ಕೊಡಿ, ದೂರಿನ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಆ ಸೀಲು ಇಲ್ಲದಿದ್ದರೆ, ನೀವು ದೂರು ಕೊಟ್ಟಿದ್ದಿರೆಂದು ನಾಳೆ ಯಾರೂ ಒಪ್ಪಿಕೊಳ್ಳುವುದಿಲ್ಲ.