ಉತ್ತರದ ಜೊತೆಗೊಂದು ಪ್ರಶ್ನೆ

ಮಕ್ಕಳೇ, ನರಸಾಪುರದ ಕಂಪನಿಗೋ ವೇಮಗಲ್ಲಿನ ಕಂಪನಿಗೋ ಸೇರುವ ನಮ್ಮ ಕ್ಯಾಲನೂರಿನ ಹುಡುಗ ಹುಡುಗಿಯರಿಗೆ ಕೆಲಸದ ಭಯಕ್ಕಿಂತ ಇಂಗ್ಲಿಷಿನ ಭಯ ಹೆಚ್ಚು. ಡಿಪ್ಲೊಮಾ ಪಾಸಾಗಿರುತ್ತೀರಿ, ಮೋಟಾರು ಬಿಚ್ಚಿ ಮತ್ತೆ ಜೋಡಿಸುತ್ತೀರಿ. ಎದುರಿಗೆ ಬಂದ ಮ್ಯಾನೇಜರು ‘ಹೌ ಆರ್ ಯು?’ ಅಂದರೆ ಮಾತ್ರ ಬಾಯಿ ಕಟ್ಟಿಹೋಗುತ್ತದೆ. ತಲೆ ತಗ್ಗಿಸಿ ನಕ್ಕು ಪಕ್ಕಕ್ಕೆ ಸರಿಯುತ್ತೀರಿ. ಇಂಗ್ಲಿಷ್ ಬಾರದವರು ಎಂದು ಅವರಿಗೆ ತೋಚುವುದಿಲ್ಲ, ಬಿಗುಮಾನದವರು ಎಂದುಕೊಳ್ಳುತ್ತಾರೆ. ನನಗೆ ಸಂಕಟವಾಗುವುದು ಅದಕ್ಕೆ.

ಕುಶಲ ಕೇಳಿದವರಿಗೆ ಜವಾಬು ಕೊಡುವ ವಿದ್ಯೆ ನಿಮಗೆ ಹೊಸದಲ್ಲ ಕಣ್ರಪ್ಪಾ. ಡೈರಿಗೆ ಹಾಲು ಹಾಕಲು ಹೋದಾಗ ಯಾರೋ ‘ಊಟ ಆಯ್ತಾ?’ ಅಂದರೆ ‘ಆಯ್ತಣ್ಣ, ನಿಮ್ದು?’ ಅಂತೀರಿ. ತೆಲುಗು ಮನೆಯ ಅಜ್ಜಿ ‘ಬಾಗುಂಡಾವಾ?’ ಅಂದರೆ ತೆಲುಗಿನಲ್ಲೇ ಜವಾಬು ಕೊಡ್ತೀರಿ. ಮಾಡಿದ್ದು ಯಾವ ಸಾರು, ಉಪ್ಪು ಜಾಸ್ತಿಯಾಯಿತೇ ಎಂದು ಅಲ್ಲಿ ಯಾರೂ ವಿವರಿಸುವುದಿಲ್ಲ. ಇಂಗ್ಲಿಷಿನಲ್ಲೂ ಅಷ್ಟೇ. ‘ಐ ಆಮ್ ಫೈನ್, ಥ್ಯಾಂಕ್ ಯು. ಹೌ ಆರ್ ಯು?’ ಇಷ್ಟು ಸಾಕು. ಮುಖ ನೋಡಿ ಹೇಳಿ, ತಿರುಗಿ ಕೇಳುವುದನ್ನು ಮರೆಯಬೇಡಿ. ಮರ್ಯಾದೆ ಇರುವುದು ಆ ತಿರುಗಿ ಕೇಳುವುದರಲ್ಲೇ. ‘ನೈಸ್ ಟು ಮೀಟ್ ಯು’ ಅಂದವರಿಗೆ ಅದನ್ನೇ ಹೇಳಿ ಕೊನೆಗೆ ‘ಟೂ’ ಸೇರಿಸಿ. ಸಂಜೆ ಯಾರನ್ನಾದರೂ ಕಂಡಾಗ ‘ಗುಡ್ ಈವ್ನಿಂಗ್’. ‘ಗುಡ್ ನೈಟ್’ ಹೊರಡುವಾಗ.

ಎಡವುವ ಜಾಗ ಬೇರೆ ಇವೆ. ‘ವಾಟ್ ಡು ಯು ಡು?’ ಅಂದರೆ ಈಗ ಏನು ಮಾಡ್ತಿದ್ದೀಯ ಅಂತ ಅಲ್ಲ, ಉದ್ಯೋಗ ಏನು ಅಂತ. ಅದಕ್ಕೆ ‘ನಥಿಂಗ್ ಸರ್’ ಅಂದುಬಿಟ್ಟರೆ ಕೆಲಸವಿಲ್ಲದವರ ಲೆಕ್ಕಕ್ಕೆ ಸೇರುತ್ತೀರಿ. ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಬಂದವರು ‘ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?’ ಎಂದು ಕೇಳಿದಾಗ ನಮ್ಮವರು ಪ್ರೀತಿಯಿಂದಲೇ ‘ಯೆಸ್ ಯೆಸ್’ ಅಂತಾರೆ. ನೀವು ಕೂತರೆ ನನಗೆ ತೊಂದರೆ ಎಂದು ಹೇಳಿದಂತಾಯಿತು! ‘ನಾಟ್ ಅಟ್ ಆಲ್, ಪ್ಲೀಸ್ ಸಿಟ್’ ಅನ್ನಿ, ಕೈಯಲ್ಲಿ ಕುರ್ಚಿ ತೋರಿಸಿ. ಮಾತು ತಿಳಿಯದಿದ್ದರೆ ಸುಮ್ಮನೆ ತಲೆಯಾಡಿಸಬೇಡಿ, ‘ಸಾರಿ, ಕುಡ್ ಯು ಸೇ ದಟ್ ಅಗೇನ್?’ ಎಂದು ಕೇಳಿ. ಅದರಲ್ಲಿ ಅವಮಾನವೇನೂ ಇಲ್ಲ.

ಹೆಸರು ಕೇಳಿದ ಮೇಲೆ ‘ಸರ್‌ನೇಮ್?’ ಎಂದು ಕೇಳುವವರಿದ್ದಾರೆ. ಉತ್ತರ ಭಾರತದ ಕಡೆಯವರಿಗೆ ಅದು ಸಹಜ. ನಮ್ಮಲ್ಲಿ ಬಹಳ ಜನಕ್ಕೆ ಇರುವುದು ಇನಿಷಿಯಲ್ಲು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿವಿಜಿಯವರನ್ನೇ ನೋಡಿ. ಡಿ ಅಂದರೆ ಮನೆತನದ ಊರು ದೇವನಹಳ್ಳಿ, ವಿ ಅಂದರೆ ತಂದೆ ವೆಂಕಟರಮಣಯ್ಯ, ಕೊನೆಗೆ ಗುಂಡಪ್ಪ. ಮೆಟ್ರಿಕ್ಯುಲೇಷನ್ ಪಾಸಾಗದ ಅವರು ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನೇ ನಡೆಸಿದರು; ಊರಿನ ಅಕ್ಷರವನ್ನು ಹೆಸರಿನ ಮುಂದೆ ಕೊನೆಯವರೆಗೂ ಇಟ್ಟುಕೊಂಡರು. ನೀವೂ ಧೈರ್ಯವಾಗಿ ಹೇಳಿ: ‘ವಿ ಡೋಂಟ್ ಯೂಸ್ ಸರ್‌ನೇಮ್ಸ್. ಕೆ ಈಸ್ ಫಾರ್ ಮೈ ವಿಲೇಜ್, ಕ್ಯಾಲನೂರು.’ ಕೋಲಾರದ ಹತ್ತಿರ ಅಂತ ಸೇರಿಸಿ. ಬೆಂಗಳೂರು ಅಂತ ಮಾತ್ರ ಹೇಳಬೇಡಿ.

ಆದರೆ ಕೆಲವರು ಸರ್‌ನೇಮ್ ಕೇಳುವುದು ಜಾತಿ ತಿಳಿಯಲಿಕ್ಕೆ. ಅವರಿಗೂ ಅದೇ ಉತ್ತರ, ಅಲ್ಲಿಗೇ ನಿಲ್ಲಿಸಿ. ಜಾತಿ ಹೇಳುವ ಋಣ ನಿಮಗಿಲ್ಲ, ಸುಳ್ಳು ಹೇಳುವ ಗತಿಯೂ ಬಂದಿಲ್ಲ. ಸಂಬಳ ಕೇಳಿದರೆ ನಗುತ್ತಾ ‘ಇಟ್ಸ್ ಎನಫ್ ಫಾರ್ ನೌ’ ಅನ್ನಿ. ಮದುವೆಯ ಮಾತು ಬಂದರೆ ‘ನಾಟ್ ಯೆಟ್’. ಅದಕ್ಕಿಂತ ಒಳಗೆ ಬಂದರೆ ‘ಐ ವುಡ್ ರಾದರ್ ನಾಟ್ ಸೇ’ ಎಂದು ಮೆತ್ತಗೆ ಹೇಳಿ, ತಕ್ಷಣ ಬೇರೆ ಮಾತು ಎತ್ತಿ.

ನೀವು ಕೇಳುವಾಗಲೂ ಇದೇ ಎಚ್ಚರ ಇರಲಿ. ನಮ್ಮಲ್ಲಿ ‘ಯಾಕಮ್ಮಾ ಇಳಿದುಹೋಗಿದ್ದೀಯಾ?’ ಅನ್ನುವುದು, ಮಕ್ಕಳೆಷ್ಟು, ಇನ್ನೂ ಯಾಕಾಗಿಲ್ಲ ಅನ್ನುವುದು ಅಕ್ಕರೆ ಎಂದೇ ನಡೆದುಬಂದಿದೆ. ಕೇಳಿಸಿಕೊಂಡ ಹೆಣ್ಣುಮಗಳು ಒಳಗೆ ಹೋಗಿ ಅತ್ತಿದ್ದನ್ನು ನಾನು ನೋಡಿದ್ದೇನೆ. ಇಂಗ್ಲಿಷಿನಲ್ಲಿ ಬೇಡ, ಕನ್ನಡದಲ್ಲೂ ಬೇಡ. ಹೊಸಬರನ್ನು ಊರು, ಕೆಲಸ, ಊಟ ಹಿಡಿಸಿತೇ ಎಂದು ಕೇಳಿ.

ಪಾಳಿ ಮುಗಿಸಿ ರಾತ್ರಿ ಕಂಪನಿ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಹೇಳಲು ಇಷ್ಟವಿಲ್ಲವೆಂದು ಎರಡು ಸಲ ನಯವಾಗಿ ತಿಳಿಸಿದ ಮೇಲೂ ಯಾರಾದರೂ ನಿಮ್ಮ ಸ್ವಂತ ವಿಷಯ ಕೆದಕಿದರೆ ‘ಪ್ಲೀಸ್ ಡೋಂಟ್ ಆಸ್ಕ್ ಮಿ ದಟ್ ಅಗೇನ್’ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ. ಅಲ್ಲಿ ‘ಸಾರಿ’ ಸೇರಿಸಬೇಡಿ, ನಗಲೂಬೇಡಿ. ಮರುದಿನ ಸೂಪರ್‌ವೈಸರಿಗೆ ತಿಳಿಸಿ, ಮನೆಯಲ್ಲೂ ಹೇಳಿ. ಮನೆಯವರು ಕೆಲಸ ಬಿಡಿಸುತ್ತಾರೆಂಬ ಹೆದರಿಕೆಯಿದ್ದರೆ ಮೊದಲು ನನ್ನ ಹತ್ತಿರ ಬನ್ನಿ, ಅವರ ಜೊತೆ ನಾನು ಮಾತಾಡುತ್ತೇನೆ.