ಕ್ಲಿಷ್ಟ ವಚನಗಳಿಗೆ ಉತ್ತರ ಹೇಳುವ ಹೊಣೆ

ಕ್ರೈಸ್ತ ಸಭೆಗಳಲ್ಲಿ ಸತ್ಯವೇದವನ್ನು ಬೋಧಿಸುವವರಿಗೆ ಎದುರಾಗುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇಡೀ ಗ್ರಂಥವನ್ನು ಕುರಿತವಲ್ಲ, ಯಾವುದೋ ಒಂದು ವಚನವನ್ನು ಕುರಿತವು. ಕ್ಷಮೆಯೇ ಇಲ್ಲದ ಪಾಪ ಯಾವುದು, ದೇವಕುಮಾರನಿಗೂ ತಿಳಿಯದ ದಿನವೊಂದಿದ್ದರೆ ಆತನು ದೇವರಾಗುವುದು ಹೇಗೆ, ಪೌಲನ ಬೋಧನೆಗೂ ಯಾಕೋಬನ ಬೋಧನೆಗೂ ಹೊಂದಿಕೆ ಎಲ್ಲಿ ಎಂಬ ಪ್ರಶ್ನೆಗಳು ಅಧ್ಯಯನ ಕೂಟಗಳಲ್ಲಿಯೂ ಮನೆಭೇಟಿಗಳಲ್ಲಿಯೂ ಮತ್ತೆ ಮತ್ತೆ ಏಳುತ್ತವೆ. ಬಹುಕಾಲ ಇವುಗಳಿಗೆ ಉತ್ತರ ಹೇಳುತ್ತ ಬಂದವರು ಅನುಭವದಿಂದ ಕಲಿಯುವುದಿಷ್ಟು: ವಚನವನ್ನು ಅದರ ಸಂದರ್ಭದಲ್ಲಿಟ್ಟು ನೋಡುವುದಕ್ಕೂ ಪ್ರಶ್ನೆಯನ್ನು ಕೇಳಿದವರ ಬದುಕಿನೊಂದಿಗೆ ಸೇರಿಸಿ ಆಲಿಸುವುದಕ್ಕೂ ಮೊದಲು ಉತ್ತರಕ್ಕೆ ಕೈಹಾಕಬಾರದು.

ವಚನವನ್ನು ಬಿಡಿಯಾಗಿ ಹಿಡಿಯುವ ರೂಢಿಗೆ ಗ್ರಂಥದ ಮುದ್ರಿತ ರೂಪವೂ ಒಂದು ಕಾರಣ. ಮೂಲ ಲೇಖಕರು ಅಧ್ಯಾಯಗಳನ್ನಾಗಲಿ ವಚನಸಂಖ್ಯೆಗಳನ್ನಾಗಲಿ ಹಾಕಿರಲಿಲ್ಲ. ಈಗಿನ ಅಧ್ಯಾಯ ವಿಂಗಡಣೆ 13ನೆಯ ಶತಮಾನದ ಆರಂಭದಲ್ಲಿ ಸ್ಟೀಫನ್ ಲ್ಯಾಂಗ್ಟನ್ ಎಂಬ ವಿದ್ವಾಂಸನಿಂದ ಬಂದದ್ದೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಹೊಸ ಒಡಂಬಡಿಕೆಯ ಈಗಿನ ವಚನಸಂಖ್ಯೆಗಳು ಮುದ್ರಕ ರೊಬೆರ್ ಎಟಿಯೆನ್ 1551ರಲ್ಲಿ ಹೊರತಂದ ಗ್ರೀಕ್ ಆವೃತ್ತಿಯಿಂದ ಬಂದವು. ಹುಡುಕುವುದಕ್ಕೆ ಅನುಕೂಲವಾದ ಈ ಏರ್ಪಾಡಿನಿಂದಾಗಿ ಒಂದೊಂದು ವಚನವೂ ತನ್ನಷ್ಟಕ್ಕೆ ತಾನೇ ಪೂರ್ಣವಾದ ಆಜ್ಞೆಯೆಂಬ ಭಾವನೆ ಓದುಗರಲ್ಲಿ ಬೇರೂರಿದೆ.

ಇದರಿಂದ ಆಗುವ ನೋವು ಮಾರ್ಕನ ಸುವಾರ್ತೆಯ 3:29ರ ವಿಷಯದಲ್ಲಿ ಎದ್ದು ಕಾಣುತ್ತದೆ. ಪವಿತ್ರಾತ್ಮನನ್ನು ದೂಷಿಸುವವನಿಗೆ ಎಂದೂ ಕ್ಷಮೆಯಿಲ್ಲವೆಂಬ ಈ ವಚನವನ್ನು ಓದಿ, ಮನಸ್ಸಿನಲ್ಲಿ ಎಂದೋ ಹಾದುಹೋದ ಒಂದು ಕೆಟ್ಟ ಯೋಚನೆಯ ಕಾರಣ ತಮಗೆ ರಕ್ಷಣೆಯೇ ಇಲ್ಲವೆಂದು ಒಳಗೊಳಗೇ ಕುಗ್ಗಿದವರು ಎಲ್ಲ ಕಾಲದ ಸಭೆಗಳಲ್ಲಿಯೂ ಇದ್ದಾರೆ. ಅಂಥವರ ಮುಂದೆ ಇಡೀ ಪ್ರಸಂಗವನ್ನು ಓದುವುದು ಯಾವ ವಾದಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಊಟಮಾಡುವುದಕ್ಕೂ ಬಿಡುವಿಲ್ಲದಷ್ಟು ಜನ ಕಿಕ್ಕಿರಿದ ಮನೆಗೆ ಯೆರೂಸಲೇಮಿನಿಂದ ಬಂದ ಶಾಸ್ತ್ರಿಗಳು, ಯೇಸು ದೆವ್ವಗಳನ್ನು ಬಿಡಿಸುತ್ತಿರುವುದು ದೆವ್ವಗಳ ಒಡೆಯನ ಬಲದಿಂದಲೇ ಎಂದು ಹೇಳುತ್ತಾರೆ. ಮನುಷ್ಯರ ಎಲ್ಲ ಪಾಪಗಳಿಗೂ ಕ್ಷಮೆಯುಂಟೆಂಬ ಮಾತು 28ನೆಯ ವಚನದಲ್ಲಿ ಮೊದಲು ಬರುತ್ತದೆ. ಆತನಲ್ಲಿ ಅಶುದ್ಧಾತ್ಮವಿದೆಯೆಂದು ಅವರು ಹೇಳುತ್ತಿದ್ದುದೇ ಎಚ್ಚರಿಕೆಗೆ ಕಾರಣವೆಂದು ಸುವಾರ್ತಿಕನು 30ನೆಯ ವಚನದಲ್ಲಿ ತಾನೇ ವಿವರಿಸುತ್ತಾನೆ. ಕಣ್ಣೆದುರಿನ ಒಳಿತನ್ನು ಬಲ್ಲವರಾಗಿದ್ದೂ ಅದನ್ನು ಕೆಡುಕೆಂದು ಸಾಧಿಸುವ ಮನಸ್ಸಿನ ಕಾಠಿಣ್ಯವೇ ಇಲ್ಲಿ ಹೇಳಿರುವ ಪಾಪವೆಂದು ವ್ಯಾಖ್ಯಾನಕಾರರಲ್ಲಿ ಅನೇಕರು ತಿಳಿಯುತ್ತಾರೆ. ಕ್ಷಮೆ ಸಿಕ್ಕೀತೋ ಇಲ್ಲವೋ ಎಂದು ಅಳುಕುವ ಹೃದಯವು ಆ ಕಾಠಿಣ್ಯದಿಂದ ಬಹುದೂರದಲ್ಲಿದೆಯೆಂಬ ಸಮಾಧಾನವನ್ನು ಬೋಧಕರು ಮೊದಲು ಕೊಟ್ಟು, ಸಿದ್ಧಾಂತದ ವಿವರಣೆಯನ್ನು ಆಮೇಲೆ ಹೇಳುವುದು ಸರಿಯಾದ ಕ್ರಮ.

ಎರಡು ವಚನಗಳು ಪರಸ್ಪರ ವಿರುದ್ಧವಾಗಿ ಕಂಡಾಗ, ಒಬ್ಬೊಬ್ಬ ಲೇಖಕನೂ ಯಾರನ್ನು ಎದುರಿಟ್ಟುಕೊಂಡು ಬರೆದನೆಂದು ವಿಚಾರಿಸಬೇಕಾಗುತ್ತದೆ. ಧರ್ಮಶಾಸ್ತ್ರದ ಕ್ರಿಯೆಗಳಿಲ್ಲದೆ ನಂಬಿಕೆಯಿಂದ ಮನುಷ್ಯನು ನೀತಿವಂತನೆಂದು ಎಣಿಸಲ್ಪಡುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 3:28 ಹೇಳಿದರೆ, ಬರೀ ನಂಬಿಕೆಯಿಂದ ಆಗುವುದಿಲ್ಲವೆಂದು ಯಾಕೋಬನ ಪತ್ರಿಕೆಯ 2:24 ಹೇಳುತ್ತದೆ. ಇಬ್ಬರೂ ಸಾಕ್ಷಿಗೆ ಕರೆಯುವುದು ಅಬ್ರಹಾಮನನ್ನೇ. ಸುನ್ನತಿಯಂಥ ವಿಧಿಗಳಿಲ್ಲದೆ ಅನ್ಯಜನರಿಗೆ ದೇವರ ಮನೆಯಲ್ಲಿ ಸ್ಥಾನವಿಲ್ಲ ಎನ್ನುವವರಿಗೆ ಉತ್ತರವಾಗಿ ಪೌಲನು, ಸುನ್ನತಿಗೆ ಮೊದಲೇ ಅಬ್ರಹಾಮನು ನಂಬಿದ್ದನ್ನು ಎತ್ತಿಹಿಡಿಯುತ್ತಾನೆ. ಬಟ್ಟೆಯಿಲ್ಲದೆ, ಅಂದಿನ ಊಟಕ್ಕೂ ಗತಿಯಿಲ್ಲದೆ ನಿಂತವನಿಗೆ ಏನೂ ಕೊಡದೆ ಬಾಯಿಮಾತಿನ ಹಾರೈಕೆಯಲ್ಲಿಯೇ ಕಳುಹಿಸಿಬಿಡುವವರನ್ನು ಕಂಡು ಯಾಕೋಬನು, ಇಸಾಕನನ್ನು ಅರ್ಪಿಸಲು ಮುಂದಾದ ಅಬ್ರಹಾಮನ ವಿಧೇಯತೆಯನ್ನು ನೆನಪಿಸುತ್ತಾನೆ. ಈ ಬಿಕ್ಕಟ್ಟು ಹಗುರವಾದದ್ದೇನಲ್ಲ. ಮಾರ್ಟಿನ್ ಲೂಥರನು 1522ರಲ್ಲಿ ಪ್ರಕಟಿಸಿದ ಜರ್ಮನ್ ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರಿಕೆಯನ್ನು ಕೊನೆಯ ಪುಸ್ತಕಗಳ ಸಾಲಿಗೆ ಸರಿಸಿದ್ದನು, ಮತ್ತು ನೀತೀಕರಣದ, ಎಂದರೆ ಪಾಪಿಯನ್ನು ದೇವರು ನೀತಿವಂತನೆಂದು ಸ್ವೀಕರಿಸುವ ಬಗೆಯ, ಕುರಿತು ಲೂಥರನ್ ಸಭೆಗಳೂ ಕಥೋಲಿಕ ಸಭೆಯೂ ಜಂಟಿ ಘೋಷಣೆಗೆ ಸಹಿಹಾಕಿದ್ದು 1999ರ ಅಕ್ಟೋಬರ್ 31ರಂದು.

ಸಿದ್ಧಾಂತಗಳೂ ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಲೇ ರೂಪುಗೊಂಡವು. ಕೊನೆಯ ದಿನದ ಗಳಿಗೆಯನ್ನು ತಂದೆಯೊಬ್ಬನೇ ಬಲ್ಲನು, ಕುಮಾರನೂ ಅರಿಯನು ಎಂಬ ಮಾರ್ಕ 13:32 ಆರಿಯಸನ ಅನುಯಾಯಿಗಳಿಗೆ ದೊಡ್ಡ ಆಧಾರವಾಗಿತ್ತು. ಕುಮಾರನು ತಂದೆಯಿಂದ ಸೃಷ್ಟಿಯಾದವನೆಂಬ ಆರಿಯಸನ ಬೋಧನೆಯನ್ನು 325ರ ನೈಸಿಯಾ ಮಹಾಸಭೆ ತಳ್ಳಿಹಾಕಿತು. ಮನುಷ್ಯನಾಗಿ ಬಂದ ಕುಮಾರನು ಮನುಷ್ಯನಂತೆಯೇ ಅರಿಯದವನಾಗಿ ಮಾತಾಡಿದನೆಂದು ಅಥನೇಸಿಯಸನು ವಿವರಿಸಿದನು; ಶಿಷ್ಯರಿಗೆ ತಿಳಿಸಬೇಕಾದ ಸಂಗತಿ ಅದಾಗಿರಲಿಲ್ಲವೆಂಬುದು ಅಗಸ್ಟೀನನ ವಿವರಣೆ. ಕ್ರಿಸ್ತನು ಒಬ್ಬನೇ ವ್ಯಕ್ತಿ, ಆತನಲ್ಲಿ ದೈವ ಮತ್ತು ಮಾನವ ಎಂಬ ಎರಡು ಸ್ವಭಾವಗಳು ಬೆರೆತುಹೋಗದೆ, ಬೇರ್ಪಡದೆ ಇವೆ ಎಂದು 451ರ ಕಾಲ್ಸೆಡೋನ್ ಮಹಾಸಭೆ ನಿರೂಪಿಸಿತು. ಇಷ್ಟು ದೊಡ್ಡ ಮನಸ್ಸುಗಳನ್ನು ಶ್ರಮಕ್ಕೆ ಹಚ್ಚಿದ ವಚನವನ್ನು ಕುರಿತು ಸಂಡೇ ಸ್ಕೂಲಿನ ಹುಡುಗಿಯೊಬ್ಬಳು ಕೇಳಿದರೆ, ಅದನ್ನು ಅವಿಶ್ವಾಸವೆಂದು ಗದರಿಸದೆ, ಅವಳೂ ಆ ಹಳೆಯ ವಿಚಾರಣೆಯಲ್ಲಿ ಪಾಲುಗಾರಳೆಂದು ಗೌರವಿಸಬೇಕು.

ಪ್ರಶ್ನೆಯ ಹಿಂದೆ ದುಃಖವಿರುವಾಗ ಎಚ್ಚರ ಇನ್ನೂ ಹೆಚ್ಚು ಬೇಕಾಗುತ್ತದೆ. ಪೂರ್ವಜನ್ಮದ ಕರ್ಮದ ಮಾತು ಮನೆಮನೆಯಲ್ಲಿರುವ ಕರ್ನಾಟಕದಲ್ಲಿ, ಮಗುವಿನ ಅಂಗವೈಕಲ್ಯಕ್ಕೆ ಹೆತ್ತವರ ಪಾಪವೇ ಕಾರಣವೋ ಎಂದು ಕೇಳುವ ಕ್ರೈಸ್ತ ಕುಟುಂಬಗಳು, ತಂದೆಗಳ ದೋಷ ಮೂರುನಾಲ್ಕು ತಲೆಗಳವರೆಗೆ ಮುಟ್ಟುತ್ತದೆನ್ನುವ ವಿಮೋಚನಕಾಂಡ 20:5ನ್ನೂ ಮುಂದಿಡುತ್ತವೆ. ಆ ವಚನವು ದೇವರನ್ನು ದ್ವೇಷಿಸುವವರನ್ನು ಕುರಿತದ್ದು, ಅದರ ಬೆನ್ನಿಗೇ ಸಾವಿರ ತಲೆಗಳವರೆಗಿನ ಕರುಣೆಯ ಮಾತಿದೆ ಎಂಬುದನ್ನು ತೋರಿಸಬೇಕು. ತಂದೆಯ ಅಪರಾಧವನ್ನು ಮಗನು ಹೊರುವುದಿಲ್ಲವೆಂದು ಬಾಬಿಲೋನಿನ ಸೆರೆಯಲ್ಲಿದ್ದವರಿಗೆ ಯೆಹೆಜ್ಕೇಲನು 18ನೆಯ ಅಧ್ಯಾಯದಲ್ಲಿ ಸಾರಿದ್ದನ್ನೂ, ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇದನ್ನೇ ಕೇಳಿದಾಗ ಇವನೂ ಅಲ್ಲ, ಇವನ ಹೆತ್ತವರೂ ಅಲ್ಲ ಎಂಬ ಅರ್ಥದ ಉತ್ತರವನ್ನು ಯೇಸು ಕೊಟ್ಟದ್ದನ್ನೂ ಜೊತೆಗಿಡಬೇಕು. ಆದರೂ ಆ ಮಗುವೇ ಏಕೆ ಎಂಬುದಕ್ಕೆ ಈ ವಚನಗಳಲ್ಲಿ ಕಾರಣ ಸಿಗುವುದಿಲ್ಲ. ಇಲ್ಲದ ಕಾರಣವನ್ನು ಕಲ್ಪಿಸಿ ಹೇಳುವುದು ತಾಯಿಯ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆಯೇ ಸರಿ.

ಆದ್ದರಿಂದ ಉತ್ತರ ಹೇಳುವವರು ಗ್ರಂಥದಲ್ಲಿ ಬರೆದಿರುವುದು ಇಷ್ಟು, ಸಭೆಯು ಅದರಿಂದ ಗ್ರಹಿಸಿದ್ದು ಇಷ್ಟು, ಸ್ವಂತ ಅಭಿಪ್ರಾಯ ಇಷ್ಟು ಎಂದು ಮೂರನ್ನೂ ಬೇರೆಬೇರೆಯಾಗಿ ತಿಳಿಸಬೇಕು. ಈ ಮೂರು ಕಲೆತುಹೋದಲ್ಲಿ ಬೋಧಕರ ಅಭಿಪ್ರಾಯವೇ ದೇವರ ವಾಕ್ಯವೆನಿಸಿಕೊಂಡು, ಮುಂದೊಂದು ದಿನ ಅದನ್ನು ಒಪ್ಪಲಾರದವರು ವಾಕ್ಯವನ್ನೇ ಬಿಟ್ಟುಹೋಗುವರು. ಬೇರೆಯಾಗಿ ಇಟ್ಟಲ್ಲಿ, ಉತ್ತರ ಅರ್ಧಕ್ಕೆ ನಿಂತರೂ ಕೇಳಿದವರು ಸತ್ಯವೇದವನ್ನು ತಾವೇ ತೆರೆದು ಮುಂದಕ್ಕೆ ಓದಬಲ್ಲರು.