ಪ್ರೀತಿಯ ಕಥೆ ಮೇಜಿಗೆ ಇಳಿದಾಗ: ವಾಣಿಜ್ಯ ಮತ್ತು ಗಣಿತಕ್ಕೆ ಒಂದು ಪಾಠ

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ 'ಬ್ರಾಂಡ್' ಎಂಬ ಪದ ಬರುತ್ತದೆ. ವಿದ್ಯಾರ್ಥಿಗಳು ಅದರ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ, ಸಾಬೂನು, ಟೂತ್‌ಪೇಸ್ಟ್‌ಗಳ ಹೆಸರು ಬರೆದು ಅಂಕ ಪಡೆಯುತ್ತಾರೆ. ತಪ್ಪೇನಿಲ್ಲ. ಆದರೆ ಸಾಬೂನನ್ನು ಯಾರೂ ಮನಸಾರೆ ಪ್ರೀತಿಸುವುದಿಲ್ಲ. ಜನ ಚಿಕ್ಕಂದಿನಿಂದ ಪ್ರೀತಿಸುತ್ತಾ ಬಂದ ಒಂದು ಕಥೆಯೇ ಸರಕಿನ ಹೆಸರಾದರೆ ಏನಾಗುತ್ತದೆ? ಇದಕ್ಕೆ ನಮ್ಮ ಊರುಗಳಲ್ಲಿ ಅಷ್ಟಾಗಿ ಕಾಣದ ಒಂದು ಆಟದ ಕ್ಷೇತ್ರ ಬಹಳ ಒಳ್ಳೆಯ ಉದಾಹರಣೆ. ವಿಜ್ಞಾನ ವಿಭಾಗದವರೂ ಓದಬಹುದು, ಮಧ್ಯದಲ್ಲಿ ಸಂಭವನೀಯತೆಯ ಲೆಕ್ಕವಿದೆ.

ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆಗಳನ್ನು ನಿಲ್ಲಿಸಿ, ಅಳತೆಪಟ್ಟಿಯಿಂದ ದೂರ ಅಳೆದು ನಡೆಸಿ, ದಾಳ ಉರುಳಿಸಿ ಯುದ್ಧದ ಫಲಿತಾಂಶ ತೀರ್ಮಾನಿಸುವ ಆಟಗಳಿಗೆ ಮಿನಿಯೇಚರ್ ಆಟಗಳೆನ್ನುತ್ತಾರೆ. ಚದುರಂಗದಂತೆ ಇಲ್ಲಿ ಮನೆಗಳಿಲ್ಲ. ಗೊಂಬೆ ಎಲ್ಲಿ ಬೇಕಾದರೂ ನಿಲ್ಲಬಹುದು, ಗುಡ್ಡದ ಹಿಂದೆ ಅಡಗಬಹುದು. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದು ಇಂಥ ಆಟಕ್ಕೆ ನಿಯಮಗಳನ್ನು ಕೊಟ್ಟರು. ಅವರ ಆಟದಲ್ಲಿ ಸ್ಪ್ರಿಂಗ್ ಇರುವ ಆಟಿಕೆ ಫಿರಂಗಿಯಿಂದ ಗೊಂಬೆಗಳನ್ನು ನಿಜವಾಗಿಯೇ ಹೊಡೆದು ಬೀಳಿಸಬೇಕಿತ್ತು. (ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು, ಅದು ಬೇರೆ ಮಾತು.) ಮುಂದೆ 1975ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗೇಮ್ಸ್ ವರ್ಕ್‌ಶಾಪ್ ಕಂಪನಿ 1983ರಲ್ಲಿ 'ವಾರ್‌ಹ್ಯಾಮರ್' ಆಟವನ್ನು, 1987ರಲ್ಲಿ 'ವಾರ್‌ಹ್ಯಾಮರ್ 40,000' ಆಟವನ್ನು ತಂದು ಈ ಹವ್ಯಾಸವನ್ನು ದೊಡ್ಡ ಉದ್ಯಮವಾಗಿ ಬೆಳೆಸಿತು.

ಆದರೆ ಈ ಹವ್ಯಾಸದ ಬಾಗಿಲು ಕಿರಿದು. ಗೊಂಬೆಗಳು ಬಿಡಿಭಾಗಗಳಾಗಿ ಬರುತ್ತವೆ. ಅವನ್ನು ಕತ್ತರಿಸಿ, ಅಂಟು ಹಾಕಿ ಜೋಡಿಸಿ, ಸಣ್ಣ ಕುಂಚದಿಂದ ಒಂದೊಂದಕ್ಕೂ ಬಣ್ಣ ಹಚ್ಚಬೇಕು. ಒಂದು ಸೈನ್ಯ ಸಿದ್ಧವಾಗಲು ತಿಂಗಳುಗಳೇ ಬೇಕು. ನಿಯಮಪುಸ್ತಕ ದಪ್ಪ, ಖರ್ಚೂ ಹೆಚ್ಚು. ಇಷ್ಟೆಲ್ಲದರ ಮೇಲೆ ಆ ಕಲ್ಪಿತ ಲೋಕದ ರಾಜ್ಯಗಳು, ಜನಾಂಗಗಳು, ದ್ವೇಷಗಳನ್ನೆಲ್ಲ ಹೊಸದಾಗಿ ಕಲಿಯಬೇಕು. ಹೊಸಬ ಅಂಗಡಿಯ ಬಾಗಿಲಲ್ಲಿ ನಿಂತು ನೋಡಿ, ಹಿಂದಿರುಗುತ್ತಾನೆ. ಪ್ರೀತಿಯ ಕಥೆ ಕೆಲಸಕ್ಕೆ ಬರುವುದು ಇಲ್ಲೇ. ಅರ್ಧ ಪಾಠವನ್ನು ಸಿನಿಮಾ ಮಂದಿರದಲ್ಲಿ ಆಗಲೇ ಕಲಿತು ಬಂದ ಗಿರಾಕಿ ಅವನು.

ಗೇಮ್ಸ್ ವರ್ಕ್‌ಶಾಪ್ 2001ರಲ್ಲಿ 'ಲಾರ್ಡ್ ಆಫ್ ದ ರಿಂಗ್ಸ್' ಚಲನಚಿತ್ರಗಳ ಪರವಾನಗಿ ಪಡೆದು ಅದೇ ಹೆಸರಿನ ಆಟ ತಂದಿತು. ಮೂರು ಚಿತ್ರಗಳು 2001, 2002, 2003ರ ಡಿಸೆಂಬರ್‌ಗಳಲ್ಲಿ ಬಂದವು. ಆಟದ ಹೊಸ ಗೊಂಬೆಗಳೂ ಅವುಗಳ ಜೊತೆಜೊತೆಗೇ ಬಂದವು. ಪೆಟ್ಟಿಗೆಯ ಮೇಲೆ ಆರಗಾರ್ನ್ ಎಂದು ಕಂಡರೆ ಸಾಕು, ಇವನು ಯಾರು, ಯಾರ ಪರ, ಯಾಕೆ ಹೋರಾಡುತ್ತಾನೆ ಎಂದು ವಿವರಿಸಬೇಕಾಗಿರಲಿಲ್ಲ.

ಹೆಸರು ಅಂಟಿಸಿದ ಮಾತ್ರಕ್ಕೆ ಆಟ ಒಳ್ಳೆಯದಾಗುವುದಿಲ್ಲ ಎಂಬುದೂ ಈ ಆಟದಿಂದಲೇ ತಿಳಿಯುತ್ತದೆ. ಇದರಲ್ಲಿ ವೀರರಿಗೆ ಮೂರು ಅಂಕಿಗಳಿವೆ: ಬಲ, ಸಂಕಲ್ಪ, ಅದೃಷ್ಟ. ಬೋರೊಮಿರ್ ಎಂಬ ಪಾತ್ರಕ್ಕೆ ವಿನ್ಯಾಸಕಾರರು ಕೊಟ್ಟದ್ದು 6, 1, 0. ಚಿತ್ರ ನೋಡಿದವರಿಗೆ ಈ ಮೂರು ಅಂಕಿಗಳೇ ಸಾಕು. ಮಹಾಶೂರ, ಆದರೆ ಉಂಗುರದ ಆಸೆಯೆದುರು ಮನಸ್ಸು ಗಟ್ಟಿಯಿಲ್ಲ, ಕೊನೆಗೆ ಬದುಕಿ ಉಳಿಯುವುದೂ ಇಲ್ಲ. ಇಡೀ ಪಾತ್ರಚಿತ್ರಣ ಮೂರು ಅಂಕಿಗಳಲ್ಲಿ! ಕಥೆ ಗೊತ್ತಿಲ್ಲದವನಿಗೆ ಅದು ಬರೀ ಅಂಕಿ, ನೆನಪಿಡುವುದು ಕಷ್ಟ. ಗೊತ್ತಿದ್ದವನಿಗೆ ನೆನಪಿಡುವ ಶ್ರಮವೇ ಇಲ್ಲ. ಫ್ರಾಂಚೈಸಿಯ ಕಥೆ ಆಟಗಾರನನ್ನು ಹೇಗೆ ಸೆಳೆಯುತ್ತದೆ ಎಂಬ ಪ್ರಶ್ನೆಗೆ ನನ್ನ ಉತ್ತರ ಇದೇ: ಅದು ಜಾಹೀರಾತಾಗುವುದಕ್ಕಿಂತ ಹೆಚ್ಚಾಗಿ ನೆನಪಿನ ಸಹಾಯಕ್ಕೆ ಬರುತ್ತದೆ.

ಇನ್ನು ಹಣದ ವಿಷಯ. ಪರವಾನಗಿ ಎಂದರೆ ಬಾಡಿಗೆ ಮನೆ. ಕಥೆಯ ಮಾಲೀಕರಿಗೆ ರಾಯಧನ ಕಟ್ಟಬೇಕು, ಒಪ್ಪಂದದ ಅವಧಿ ಮುಗಿದರೆ ಖಾಲಿ ಮಾಡಬೇಕು. ಚಿತ್ರಗಳು ಬರುತ್ತಿದ್ದಷ್ಟು ಕಾಲ ಗೇಮ್ಸ್ ವರ್ಕ್‌ಶಾಪಿನ ವ್ಯಾಪಾರ ಏರಿತು, 2004ರ ಹೊತ್ತಿಗೆ ವಾರ್ಷಿಕ ಮಾರಾಟ ಸುಮಾರು 15 ಕೋಟಿ ಪೌಂಡ್ ಮುಟ್ಟಿತ್ತು. ಮೂರನೆಯ ಚಿತ್ರದ ನಂತರ ಹೊಸ ಚಿತ್ರವಿಲ್ಲ. 2007ರ ಹೊತ್ತಿಗೆ ಮಾರಾಟ ಸುಮಾರು 11 ಕೋಟಿಗೆ ಇಳಿದು ಕಂಪನಿ ನಷ್ಟ ತೋರಿಸಿತು. ಕಥೆಯನ್ನು ನೋಡಿ ಬಂದವರಲ್ಲಿ ಹಲವರು ಕಥೆ ಮುಗಿದಾಗ ಹೊರಟರು. ಹಾಗೆಂದು ಎಲ್ಲರೂ ಹೋಗಲಿಲ್ಲ. ಆಟದ ನಿಯಮಗಳು ನಿಜಕ್ಕೂ ಚೆನ್ನಾಗಿದ್ದುದರಿಂದ ಉಳಿದವರು ಉಳಿದರು, 2018ರಲ್ಲಿ ಅದು ಹೊಸ ರೂಪದಲ್ಲಿ ಮತ್ತೆ ಬಂತು.

ಈಗ ಎರಡನೆಯ ಉದಾಹರಣೆ, ನನಗೆ ಇದೇ ಹೆಚ್ಚು ಇಷ್ಟ. ಆಂಡ್ರಿಯಾ ಆಂಜೊಲಿನೊ, ಪಿಯರ್ ಜಾರ್ಜಿಯೊ ಪಾಲಿಯಾ ಎಂಬ ಇಬ್ಬರು ಇಟಾಲಿಯನ್ನರು 2004ರಲ್ಲಿ 'ವಿಂಗ್ಸ್ ಆಫ್ ವಾರ್' ಎಂಬ ಆಟ ರೂಪಿಸಿದರು. ಮೊದಲ ಮಹಾಯುದ್ಧದ ಎರಡು ರೆಕ್ಕೆಜೋಡಿಯ ವಿಮಾನಗಳ ಕಾಳಗ ಅದು. ವಿಮಾನ ಎತ್ತ ತಿರುಗಬೇಕೆಂದು ಇಬ್ಬರೂ ಗುಟ್ಟಾಗಿ ಮೊದಲೇ ನಿರ್ಧರಿಸಿ, ಆಮೇಲೆ ಬಯಲು ಮಾಡುತ್ತಾರೆ. ಎದುರಾಳಿಯ ಮನಸ್ಸನ್ನು ಊಹಿಸುವುದೇ ಆಟ. ಅಮೆರಿಕದ ಫ್ಯಾಂಟಸಿ ಫ್ಲೈಟ್ ಗೇಮ್ಸ್ ಇದೇ ತತ್ವವನ್ನು ತೆಗೆದುಕೊಂಡು 2012ರಲ್ಲಿ 'ಸ್ಟಾರ್ ವಾರ್ಸ್: ಎಕ್ಸ್-ವಿಂಗ್' ತಂದಿತು. ಹಳೆಯ ವಿಮಾನದ ಜಾಗದಲ್ಲಿ ಅಂತರಿಕ್ಷ ನೌಕೆ ಬಂತು. ಮೂಲ ಆಟ ವಿಮಾನಪ್ರಿಯರ ನಡುವೆ ಉಳಿದಿತ್ತು, ಹೊಸದು ಜಗತ್ತಿನಾದ್ಯಂತ ಪಂದ್ಯಾವಳಿಗಳಾಗುವಷ್ಟು ಹಬ್ಬಿತು.

ಇಲ್ಲಿ ಭೌತಶಾಸ್ತ್ರದವರು ಆಕ್ಷೇಪ ಎತ್ತಬಹುದು. ಅಂತರಿಕ್ಷದಲ್ಲಿ ಗಾಳಿಯಿಲ್ಲ, ನೌಕೆ ವಿಮಾನದಂತೆ ಓರೆಯಾಗಿ ತಿರುಗುವುದು ಹೇಗೆ? ತಿರುಗುವುದಿಲ್ಲ, ಸರಿ. ಆದರೆ 1977ರ ಮೊದಲ ಚಿತ್ರ ಮಾಡುವಾಗ ಜಾರ್ಜ್ ಲ್ಯೂಕಾಸ್ ಯುದ್ಧವಿಮಾನಗಳ ಹಳೆಯ ತುಣುಕುಚಿತ್ರಗಳನ್ನು ಮಾದರಿಯಾಗಿಟ್ಟುಕೊಂಡೇ ಆ ದೃಶ್ಯಗಳನ್ನು ರಚಿಸಿದ್ದರು. ವಿಮಾನದ ಆಟ ಅಂತರಿಕ್ಷದ ಕಥೆಗೆ ಅಳೆದು ಹೊಲಿದಂತೆ ಕೂತದ್ದು ಅದಕ್ಕೇ. ಇದೇ ನಿಯಮಗಳನ್ನು 2013ರಲ್ಲಿ 'ಸ್ಟಾರ್ ಟ್ರೆಕ್' ಕಥೆಗೂ ತೊಡಿಸಿದರು. ಆದರೆ ಅಲ್ಲಿಯವು ನೂರಾರು ಜನರನ್ನು ಹೊತ್ತ ಭಾರೀ ಹಡಗುಗಳು, ಗುಬ್ಬಿಯಂತೆ ತಿರುಗಿ ಹಾರುವಂಥವಲ್ಲ. ಅಂಗಿ ಅಷ್ಟು ಚೆನ್ನಾಗಿ ಒಪ್ಪಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಳೆಯ ಆಟಕ್ಕೆ ಹೊಸ ಕಥೆ ತೊಡಿಸುವುದು ಅಮೆರಿಕದವರ ಆವಿಷ್ಕಾರವೇನಲ್ಲ. ಬಾಬರ್ 1527ರಲ್ಲಿ ಸಿಂಧ್‌ನ ಶಾಹ್ ಹಸನನಿಗೆ ಗಂಜೀಫಾ ಎಲೆಗಳನ್ನು ಕಳಿಸಿದ ವಿಷಯ ಬಾಬರ್‌ನಾಮಾದಲ್ಲಿದೆ. ಮೊಘಲ್ ಗಂಜೀಫಾದಲ್ಲಿ ತಾಜ್, ಶಂಶೇರ್, ಗುಲಾಂ ಮೊದಲಾದ ಎಂಟು ಬಣಗಳು, ಬಣಕ್ಕೆ ಹನ್ನೆರಡರಂತೆ 96 ಎಲೆಗಳು. ದರ್ಬಾರಿನ ಈ ಆಟ ಜನರ ನಡುವೆ ಹರಡಿದಂತೆ ಕಿರೀಟ, ಖಡ್ಗಗಳ ಜಾಗದಲ್ಲಿ ದಶಾವತಾರದ ಹತ್ತು ಬಣಗಳು ಬಂದವು, ಎಲೆಗಳು 120 ಆದವು. ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಪುರಾಣದ ವಸ್ತುಗಳನ್ನಿಟ್ಟು ಇನ್ನೂ ಹಲವು ಬಗೆಯ ಗಂಜೀಫಾಗಳನ್ನು ರೂಪಿಸಿದರು. ಆಟಗಾರನಿಗೆ ಮತ್ಸ್ಯ, ಕೂರ್ಮರು ಮನೆಯವರಷ್ಟು ಪರಿಚಿತರು, ಫಾರಸಿ ಹೆಸರುಗಳು ಅಲ್ಲ. ವ್ಯತ್ಯಾಸ ಒಂದೇ. ಅಲ್ಲಿ ರಾಯಧನ ಕೇಳುವವರು ಯಾರೂ ಇರಲಿಲ್ಲ.

ಎಕ್ಸ್-ವಿಂಗ್ ಗೆದ್ದದ್ದಕ್ಕೆ ಇನ್ನೊಂದು ಸರಳ ಕಾರಣವೂ ಉಂಟು: ನೌಕೆಗಳು ಬಣ್ಣ ಹಚ್ಚಿಕೊಂಡೇ ಬರುತ್ತಿದ್ದವು. ಮೊದಲ ಪೆಟ್ಟಿಗೆಯಲ್ಲಿ ಒಂದು ಎಕ್ಸ್-ವಿಂಗ್, ಎರಡು ಟೈ ಫೈಟರ್. ತೆರೆದ ಸಂಜೆಯೇ ಮೂರಡಿ ಚೌಕದ ಮೇಜಿನ ಮೇಲೆ ಆಟ ಶುರು. ಕಥೆ ಕರೆದು ತಂದವನನ್ನು ಅಂಟು, ಕುಂಚ ಓಡಿಸದಂತೆ ನೋಡಿಕೊಂಡರು.

ಈಗ ಲೆಕ್ಕ. ಸಿನಿಮಾದಲ್ಲಿ ಸಾಮ್ರಾಜ್ಯದ ಟೈ ಫೈಟರ್‌ಗಳು ಅಗ್ಗದವು, ರಕ್ಷಾಕವಚವಿಲ್ಲದವು, ಗುಂಪುಗುಂಪಾಗಿ ಬರುವಂಥವು. ಬಂಡುಕೋರರ ಎಕ್ಸ್-ವಿಂಗ್ ಗಟ್ಟಿ, ಆದರೆ ಕೆಲವೇ ಇವೆ. ಆಟದ ಮೊದಲ ಆವೃತ್ತಿಯಲ್ಲಿ ಪ್ರತಿ ಆಟಗಾರನಿಗೆ 100 ಅಂಕಗಳ ಮಿತಿ. ಅತಿ ಅಗ್ಗದ ಟೈಗೆ 12 ಅಂಕ, ಅತಿ ಅಗ್ಗದ ಎಕ್ಸ್-ವಿಂಗ್‌ಗೆ 21. ಅಂದರೆ 8 ಟೈ ಅಥವಾ 4 ಎಕ್ಸ್-ವಿಂಗ್. ಟೈ ದಾಳಿಗೆ 2 ಕೆಂಪು ದಾಳ, ತಪ್ಪಿಸಿಕೊಳ್ಳಲು 3 ಹಸಿರು ದಾಳ ಉರುಳಿಸುತ್ತದೆ, 3 ಪೆಟ್ಟು ತಡೆಯುತ್ತದೆ. ಎಕ್ಸ್-ವಿಂಗ್‌ಗೆ 3 ಕೆಂಪು, 2 ಹಸಿರು, ಕವಚವೂ ಸೇರಿ 5 ಪೆಟ್ಟು.

ದಾಳಕ್ಕೆ ಎಂಟು ಮುಖ. ಕೆಂಪಿನಲ್ಲಿ 4 ಮುಖಗಳು ಪೆಟ್ಟು, ಹಸಿರಿನಲ್ಲಿ 3 ಮುಖಗಳು ತಪ್ಪಿಸಿಕೊಳ್ಳುವುದು. ಬೇರೆ ಯಾವ ಸಹಾಯವೂ ಇಲ್ಲದೆ ಒಂದು ಟೈ ಒಂದು ಎಕ್ಸ್-ವಿಂಗ್ ಮೇಲೆ ಗುಂಡು ಹಾರಿಸಿದರೆ ಸರಾಸರಿ ಎಷ್ಟು ಪೆಟ್ಟು ತಾಗುತ್ತದೆ? ಅವಸರದವರು ಹೀಗೆ ಮಾಡುತ್ತಾರೆ: ಪೆಟ್ಟುಗಳ ಸರಾಸರಿ 2 × 1/2 = 1. ತಪ್ಪಿಸಿಕೊಳ್ಳುವುದರ ಸರಾಸರಿ 2 × 3/8 = 0.75. ವ್ಯತ್ಯಾಸ 0.25. ಇದು ತಪ್ಪು. ಪೆಟ್ಟಿಗಿಂತ ರಕ್ಷಣೆ ಹೆಚ್ಚಾದರೆ ಫಲ ಸೊನ್ನೆ, ಋಣಸಂಖ್ಯೆಯಲ್ಲ. ಹೆಚ್ಚುವರಿ ರಕ್ಷಣೆ ವ್ಯರ್ಥವಾಗುತ್ತದೆ, ಮುಂದಿನ ಸಲಕ್ಕೆ ಜಮೆಯಾಗುವುದಿಲ್ಲ.

ಸರಿಯಾದ ದಾರಿ ಹೀಗೆ. ಎರಡು ಕೆಂಪು ದಾಳದಲ್ಲಿ 0, 1, 2 ಪೆಟ್ಟು ಬರುವ ಸಂಭವನೀಯತೆ 1/4, 1/2, 1/4. ಎರಡು ಹಸಿರು ದಾಳದಲ್ಲಿ 0, 1, 2 ರಕ್ಷಣೆ ಬರುವುದು 25/64, 30/64, 9/64. ಒಂದು ಪೆಟ್ಟು ಬಂದಾಗ ಅದು ತಾಗುವುದು ರಕ್ಷಣೆ ಸೊನ್ನೆಯಾದಾಗ ಮಾತ್ರ: 25/64. ಎರಡು ಪೆಟ್ಟು ಬಂದಾಗ ತಾಗುವ ಸರಾಸರಿ 2 × 25/64 + 1 × 30/64 = 80/64. ಒಟ್ಟು 1/2 × 25/64 + 1/4 × 80/64 = 65/128, ಅಂದರೆ ಅರ್ಧಕ್ಕಿಂತ ಕೂದಲೆಳೆ ಹೆಚ್ಚು. ಅವಸರದ ಉತ್ತರದ ಎರಡು ಪಟ್ಟು! ಎಂಟು ಟೈಗಳೂ ಒಂದೇ ಎಕ್ಸ್-ವಿಂಗ್‌ಗೆ ಗುರಿಯಿಟ್ಟರೆ ಸರಾಸರಿ ನಾಲ್ಕು ಪೆಟ್ಟು, ಐದು ತಡೆಯುವ ನೌಕೆ ಹೆಚ್ಚುಕಡಿಮೆ ಒಂದೇ ಸುತ್ತಿಗೆ ಮುಗಿಯುವ ಸ್ಥಿತಿಗೆ ಬರುತ್ತದೆ. ಸಿನಿಮಾದಲ್ಲಿ ಕಂಡ ಹಿಂಡಿನ ಭಯ ಇಲ್ಲಿ ಅಂಕಿಗಳಿಂದಲೇ ಹುಟ್ಟುತ್ತದೆ. ಆಟಗಾರ ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿರಲಿಕ್ಕಿಲ್ಲ, ಆದರೆ ಎರಡು ಸಂಜೆ ಆಡಿದರೆ ಬೆರಳ ತುದಿಗೆ ಬಂದಿರುತ್ತದೆ.

ಕಥೆಯ ಪ್ರೀತಿಗೆ ಇನ್ನೊಂದು ಮುಖವೂ ಇದೆ. ಅದನ್ನು ಹೇಳದಿದ್ದರೆ ವಾಣಿಜ್ಯದ ಪಾಠ ಅರ್ಧಕ್ಕೆ ನಿಲ್ಲುತ್ತದೆ. 1977ರ ಕ್ರಿಸ್‌ಮಸ್‌ಗೆ ಸ್ಟಾರ್ ವಾರ್ಸ್ ಗೊಂಬೆಗಳು ತಯಾರಾಗಿರಲಿಲ್ಲ. ಕೆನ್ನರ್ ಕಂಪನಿ ಏನು ಮಾಡಿತು? ಗೊಂಬೆಗಳನ್ನು ಆಮೇಲೆ ಅಂಚೆಯಲ್ಲಿ ಕಳಿಸುತ್ತೇವೆಂಬ ಪ್ರಮಾಣಪತ್ರವಿದ್ದ ರಟ್ಟಿನ ಲಕೋಟೆಯನ್ನೇ ಮಾರಿತು. ತಂದೆತಾಯಂದಿರು ಕೊಂಡರು. ಮುಂದೆ 2002ರಲ್ಲಿ ಬಂದ 'ಹೀರೋಕ್ಲಿಕ್ಸ್', 2004ರಲ್ಲಿ ಬಂದ 'ಸ್ಟಾರ್ ವಾರ್ಸ್ ಮಿನಿಯೇಚರ್ಸ್' ಆಟಗಳ ಗೊಂಬೆಗಳನ್ನು ಮುಚ್ಚಿದ ಪೊಟ್ಟಣಗಳಲ್ಲಿ ಮಾರಿದರು. ಒಳಗೆ ಯಾರಿದ್ದಾರೆಂದು ತೆರೆಯುವವರೆಗೆ ಗೊತ್ತಿಲ್ಲ. ಅಪರೂಪದ ಗೊಂಬೆ ಬೇಕಾದವರು ಪೊಟ್ಟಣದ ಮೇಲೆ ಪೊಟ್ಟಣ ಕೊಳ್ಳಬೇಕು, ಇಲ್ಲವೇ ಸಿಕ್ಕವರಿಂದ ದುಬಾರಿ ಬೆಲೆಗೆ ಕೊಳ್ಳಬೇಕು.

ಇಸ್ಲಾಮೀ ವ್ಯಾಪಾರನೀತಿಯಲ್ಲಿ 'ಗರರ್' ಎಂಬ ಪರಿಕಲ್ಪನೆಯಿರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಏನು ಕೊಳ್ಳುತ್ತಿದ್ದೇನೆಂದು ಕೊಳ್ಳುವವನಿಗೇ ತಿಳಿಯದ ವ್ಯಾಪಾರಕ್ಕೆ ಅದು ಅನ್ವಯಿಸುತ್ತದೆ. ನೀರಿನಲ್ಲಿರುವ ಮೀನು, ಆಕಾಶದಲ್ಲಿರುವ ಹಕ್ಕಿ ಫಿಕ್ಹ್‌ನಲ್ಲಿ ಬರುವ ಪ್ರಸಿದ್ಧ ಉದಾಹರಣೆಗಳು. ಗೊಂಬೆಯ ಪೊಟ್ಟಣದ ಬಗ್ಗೆ ತೀರ್ಪು ಹೇಳುವ ಅರ್ಹತೆ ನನ್ನದಲ್ಲ, ಬಲ್ಲವರನ್ನು ಕೇಳಿ. ದಾಳದ ವಿಷಯವನ್ನೂ ಅವರಲ್ಲೇ ಕೇಳಿ. ಆದರೆ ಮೊಬೈಲ್ ಆಟಗಳಲ್ಲಿ ಹಣ ಕೊಟ್ಟು ತೆರೆಯುವ ಪೆಟ್ಟಿಗೆಗಳೂ ಇದೇ ಜಾತಿಗೆ ಸೇರಿದವು ಎಂಬುದನ್ನು ಮಾತ್ರ ಗಮನಿಸಿ. ಎಕ್ಸ್-ವಿಂಗ್ ಪೆಟ್ಟಿಗೆಯಲ್ಲಿ ಒಳಗಿದ್ದುದು ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಹೊರಗೇ ಕಾಣುತ್ತಿತ್ತು. ಈ ಮಟ್ಟಿಗೆ ಅದು ನೇರ ವ್ಯಾಪಾರ.

ನೇರ ವ್ಯಾಪಾರಕ್ಕೂ ಕೊನೆಯಿದೆ. 2018ರಲ್ಲಿ ಎರಡನೆಯ ಆವೃತ್ತಿ ಬಂದಾಗ ಹಳೆಯ ನೌಕೆಗಳನ್ನು ಬಳಸಲು ಹೊಸ ಎಲೆ, ಚಕ್ರಗಳ ಪೆಟ್ಟಿಗೆಯನ್ನು ಬೇರೆಯಾಗಿ ಕೊಳ್ಳಬೇಕಾಯಿತು. ಕೆಲವರು ಅಲ್ಲೇ ಬಿಟ್ಟರು. 2020ರಲ್ಲಿ ಆಟ ಅಟಾಮಿಕ್ ಮಾಸ್ ಗೇಮ್ಸ್ ಎಂಬ ಸಂಸ್ಥೆಯ ಕೈ ಸೇರಿತು. 2024ರಲ್ಲಿ ಅವರು ಇನ್ನು ಹೊಸದೇನೂ ಬರುವುದಿಲ್ಲ ಎಂದು ಘೋಷಿಸಿದರು. ನಂತರ ಆಟಗಾರರ ಗುಂಪುಗಳೇ ಅಂಕಪಟ್ಟಿ ತಿದ್ದುತ್ತಾ, ಪಂದ್ಯ ನಡೆಸುತ್ತಾ ಬಂದಿವೆ. ಅವರು ಬಂದದ್ದು ಸ್ಟಾರ್ ವಾರ್ಸ್‌ಗಾಗಿ. ಉಳಿದದ್ದು ಎದುರು ಕೂತವನ ಚಕ್ರದಲ್ಲಿ ಯಾವ ತಿರುವು ಅಡಗಿದೆ ಎಂದು ಊಹಿಸುವ ಸುಖಕ್ಕಾಗಿ.

ಅಭ್ಯಾಸಕ್ಕೆ: ಒಂದು ಎಕ್ಸ್-ವಿಂಗ್ 3 ಕೆಂಪು ದಾಳಗಳಿಂದ ಒಂದು ಟೈ ಮೇಲೆ ದಾಳಿ ಮಾಡುತ್ತದೆ, ಟೈ 3 ಹಸಿರು ದಾಳಗಳಿಂದ ರಕ್ಷಿಸಿಕೊಳ್ಳುತ್ತದೆ. ತಾಗುವ ಪೆಟ್ಟುಗಳ ಸರಾಸರಿ ಎಷ್ಟು? ಉತ್ತರ 345/512 ಬರಬೇಕು. ಅವಸರದವರಿಗೆ 3/8 ಬರುತ್ತದೆ.